ಮೇಷ್ಟ್ರ ಗಾಡಿ

ನ್ಯಾಮತಿ
14 ಫೆಬ್ರವರಿ 2024

ಜಗಳೂರಿನ ಶ್ರೀ ತಿಪ್ಪೇರುದ್ರಸ್ವಾಮಿಯವರಿಗೆ,

ನಿಮಗೂ ನನಗೂ ಮುಖಪರಿಚಯವಿಲ್ಲ. ಕಾರಿನ ಆರ್‌ಸಿಯಲ್ಲಿ ನಿಮ್ಮ ಹೆಸರು, ವಿಳಾಸ ನೋಡಿ ಬರೆಯುತ್ತಿದ್ದೇನೆ. ಕ್ಷೇಮ ವಿಚಾರಿಸುವಷ್ಟು ಸಮಾಧಾನ ನನಗೀಗ ಇಲ್ಲ. ತಪ್ಪು ತಿಳಿಯಬೇಡಿ. ತಿಳಿದರೂ ಪರವಾಗಿಲ್ಲ.

ನಿಮ್ಮ ಬಿಳಿ ಕಾರನ್ನು ಹೋದ ನವೆಂಬರಿನಲ್ಲಿ ಹೊನ್ನಾಳಿಯ ನಂಬಿಕೆ ಕಾರ್ ಬಜಾರಿನ ಕೆಂಚೇಶ್ ಹತ್ತಿರ ಕೊಂಡವಳು ನಾನು. ಆರ್‌ಸಿ ನನ್ನ ಹೆಸರಿಗೆ ಮಾಡಿಸಿಕೊಡುತ್ತೇನೆ ಅಂದವನು ಇವತ್ತಿಗೂ ಮಾಡಿಸಿಲ್ಲ. ಕಾಗದದ ಮೇಲೆ ಗಾಡಿ ಇನ್ನೂ ನಿಮ್ಮದೇ. ನಾನು ಮದುಮಗಳಿಗೆ ಅಲಂಕಾರ ಮಾಡುವವಳು. ಜಡೆ, ಸೀರೆ, ಮುಖದ ಬಣ್ಣ ಎಲ್ಲ. ಮುಹೂರ್ತ ಬಸ್ಸಿಗಾಗಿ ಕಾಯುವುದಿಲ್ಲವಲ್ಲ, ಅದಕ್ಕೆ ಇಷ್ಟು ವರ್ಷ ಕೂಡಿಟ್ಟದ್ದನ್ನೆಲ್ಲ ಈ ಗಾಡಿಗೆ ಸುರಿದೆ.

ಅವತ್ತು ಕೆಂಚೇಶ್ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ನೋಡ್ರಿ ಅಕ್ಕಾ, ಇದು ಮೇಷ್ಟ್ರ ಗಾಡಿ ಐತೆ. ಮನೆಯಿಂದ ಸ್ಕೂಲಿಗೆ, ಸ್ಕೂಲಿಂದ ಮನೆಗೆ, ಅಷ್ಟೇ ಓಡಿರೋದು. ಇದಕ್ಕಿಂತ ಗ್ಯಾರಂಟಿ ಏನ್ ಬೇಕು ಹೇಳ್ರಿ?" ಸವಳಂಗದ ಮೆಕಾನಿಕ್ ದಾಸಪ್ಪನನ್ನು ಕರೆಸಿ ಗಾಡಿ ತೋರಿಸಬೇಕು ಅಂತಿದ್ದವಳು, ಆ ಮಾತು ಕೇಳಿ ಅವನಿಗೆ ಫೋನ್ ಮಾಡಿ "ಬ್ಯಾಡ ಬಿಡಣ್ಣ, ಮೇಷ್ಟ್ರ ಗಾಡಿಯಂತೆ" ಅಂದೆ. ನಮ್ಮಮ್ಮ ಕಸ್ತೂರಮ್ಮನಂತೂ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡು ಹತ್ತಿದರು. "ಮೇಷ್ಟ್ರು ಕೂತಿದ್ದ ಸೀಟು ಕಣೇ, ಮೆಟ್ಟು ಹಾಕ್ಕೊಂಡು ಹೆಂಗೆ ಹತ್ತಾದು?" ಅಂದರು. ಮೂರು ತಿಂಗಳೂ ಹಾಗೇ ಬರಿಗಾಲಲ್ಲಿ ಕೂತರು.

ಹೋದ ವಾರ ಉಬ್ರಾಣಿಯಲ್ಲಿ ಮದುವೆ. ಚನ್ನಗಿರಿ ಇನ್ನೇನು ಬಂತು ಅನ್ನುವಾಗ ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಿದೆ, ಚಕ್ರ ತಿರುಗಲಿಲ್ಲ. ಗಾಡಿ ನೇರ ಹೋಗಿ ಚರಂಡಿಗೆ ಬಿತ್ತು. ಅಮ್ಮನ ಮುಂಗೈ ಮುರಿಯಿತು. ಅಲ್ಲಿ ಉಬ್ರಾಣಿಯಲ್ಲಿ ಹುಡುಗಿ ಕಾದು ಕಾದು, ಕೊನೆಗೆ ಯಾರೋ ಅತ್ತೆ ಕಾಡಿಗೆ ಹಚ್ಚಿ ಹಸೆಗೆ ಕೂರಿಸಿದರಂತೆ. ಹುಡುಗಿಯ ತಾಯಿ ನಿರ್ಮಲಮ್ಮ ಫೋನಿನಲ್ಲಿ ಬೈಯಲೂ ಇಲ್ಲ. "ಫೋಟೋದಾಗೆ ನನ್ ಮಗಳು ಸಾಯೋವರ್ಗೂ ಹಂಗೇ ಇರ್ತಾಳೆ ಕಣಮ್ಮ" ಅಂದು ಇಟ್ಟುಬಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ದಾಸಪ್ಪ ಬಂದು ಗಾಡಿಯೊಳಗಿನ ಮ್ಯಾಟು ಎತ್ತಿ ತೋರಿಸಿದ. ಅಡಿಯ ತಗಡಿನ ಉದ್ದಕ್ಕೂ ಬೆಸುಗೆ. "ಮುಂದ್ಲ ಭಾಗ ಪೂರಾ ನುಜ್ಜಾಗಿತ್ತು ಕಣಕ್ಕ. ಬೆಸುಗೆ ಹಾಕಿ, ಪುಟ್ಟಿ ಮೆತ್ತಿ, ಬಣ್ಣ ಹೊಡದವ್ರೆ. ರಸ್ತೆಗೆ ಬರಾ ಗಾಡಿನೇ ಅಲ್ಲ ಇದು."

ಈಗ ಹೇಳಿ ಸಾರ್. ಸುಳ್ಳು ಹೇಳಬಾರದು ಅಂತ ಊರ ಮಕ್ಕಳಿಗೆಲ್ಲ ಕಲಿಸಿ, ನುಜ್ಜಾದ ಗಾಡಿಗೆ ಬಣ್ಣ ಹೊಡೆಸಿ ಮಾರಿದಿರಲ್ಲ, ರಾತ್ರಿ ನಿದ್ದೆ ಹೇಗೆ ಬರುತ್ತದೆ? ಇದು ಶುದ್ಧ ಮೋಶ.

ನಿಮ್ಮ ಹೆಸರನ್ನು ನಂಬಿ ಕೆಟ್ಟವಳು,
ಶಾಂತಲಾ

ಹಿಂದಿನ ಗಾಜಿನ ಮೇಲೆ 'ಗಂಗೋತ್ರಿ' ಅಂತ ಬರೆದಿದೆ. ಪುಣ್ಯದ ಹೆಸರು ಅಂತ ಅಮ್ಮ ಅಳಿಸಲು ಬಿಡಲಿಲ್ಲ, ದಿನಾ ಕೈಮುಗಿಯುತ್ತಿದ್ದರು. ಅದನ್ನೂ ನಂಬಿಕೆ ಬರಲಿ ಅಂತಲೇ ಬರೆಸಿದ್ದಾ?


ಜಗಳೂರು
22 ಫೆಬ್ರವರಿ 2024

ಶಾಂತಲಾ ಅವರಿಗೆ,

ನಿಮ್ಮ ಪತ್ರ ಓದಿ, ಕನ್ನಡಕ ತೆಗೆದಿಟ್ಟು, ಮತ್ತೆ ಹಾಕಿಕೊಂಡು ಓದಿದೆ. ಬೈದದ್ದಕ್ಕೆ ಬೇಸರವಿಲ್ಲ; ನಪಾಸಾದ ಹುಡುಗರ ಅಪ್ಪಂದಿರ ಹತ್ತಿರ ಬೈಸಿಕೊಂಡೇ ನೌಕರಿ ಮುಗಿಸಿದವನು ನಾನು. ಆದರೆ 'ಮೇಷ್ಟ್ರ ಗಾಡಿ' ಎಂಬ ಮಾತು ಓದಿ ಮೈಯೆಲ್ಲ ಉರಿಯಿತು.

ಆ ಕಾರು ಯಾವ ಶಾಲೆಯ ಗೇಟನ್ನೂ ನೋಡಿಲ್ಲ. ನಾನು ನಿವೃತ್ತನಾದ ಮೇಲೆ ಕೊಂಡದ್ದು. ಅಷ್ಟೇ ಅಲ್ಲ, ನನಗೆ ಕಾರು ಓಡಿಸಲು ಬರುವುದೇ ಇಲ್ಲ. ಅದು ಅಪಘಾತದಲ್ಲಿ ನುಜ್ಜುಗುಜ್ಜಾದ ಮೇಲೆ ಗುಜರಿಗೆಂದೇ ಕೆಂಚೇಶನಿಗೆ ಕೊಟ್ಟೆ. ಲಾರಿಯ ಮೇಲೆ ಹೇರಿಕೊಂಡು ಹೋದ. ಹೋಗುವಾಗ ಅವನ ಕೈ ಹಿಡಿದು ಹೇಳಿದ್ದೆ: "ಇದನ್ನ ಬಿಚ್ಚಿ ಬಿಡಿಭಾಗ ಮಾರ್ಕೋ. ಇದ್ರಾಗೆ ಮತ್ತೆ ಮನುಷ್ಯರು ಕೂರಬಾರದು." "ನಿಮ್ ಮಾತು ಮೀರ್ತೀನಾ ಸಾರ್, ನಿಮ್ ಶಿಷ್ಯ ನಾನು" ಅಂದ. ಹೌದು, ಹೊನ್ನಾಳಿಯ ಹೈಸ್ಕೂಲಿನಲ್ಲಿ ಅವನು ನನ್ನ ವಿದ್ಯಾರ್ಥಿ. ಅವನು ತೋರಿಸಿದಲ್ಲೆಲ್ಲ ಓದದೆ ಸಹಿ ಹಾಕಿಬಿಟ್ಟೆ. ನೀವು ಮೇಷ್ಟ್ರನ್ನು ನಂಬಿದಿರಿ, ನಾನು ಶಿಷ್ಯನನ್ನು ನಂಬಿದೆ.

ಹತ್ತನೇ ತರಗತಿಗೆ ಸಮಾಜ ವಿಜ್ಞಾನ ಹೇಳುತ್ತಿದ್ದೆ. ಗ್ರಾಹಕರ ಹಕ್ಕುಗಳು ಎಂಬ ಪಾಠ ಪ್ರತಿ ವರ್ಷ ಬರುತ್ತಿತ್ತು. ಪರೀಕ್ಷೆಗೆ ಅದರಿಂದ ಎರಡು ಅಂಕದ ಒಂದು ಪ್ರಶ್ನೆ. ಕೆಂಚೇಶನೂ ಆ ಪಾಠ ಕೇಳಿದವನೇ. ಈಗ ನೀವು ಕೇಳಿ. ಹಳೆಯ ಗಾಡಿಯಾದರೂ ಅಂಗಡಿಯವನು ಅದರ ದೋಷ ಮುಚ್ಚಿಟ್ಟು, ಇಲ್ಲದ ಗುಣ ಹೇಳಿ ಮಾರಿದರೆ ಅದು ಕಾನೂನಿನಲ್ಲಿ ತಪ್ಪೇ. ಮೊದಲು ಅವನಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸು ಕಳಿಸಿ. ಹಣ ಹಿಂತಿರುಗಿಸದಿದ್ದರೆ ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಿ. ವಕೀಲರಿಲ್ಲದೆ ನೀವೇ ನಿಂತು ಹೇಳಬಹುದು. ಗಾಡಿಯನ್ನು ಮಾತ್ರ ರಿಪೇರಿಗೆ ಬಿಡಬೇಡಿ, ಮುರಿದದ್ದು ಮುರಿದ ಹಾಗೇ ಇರಲಿ.

ನಿಮ್ಮ ತಾಯಿಯವರ ಕೈ ಬೇಗ ಕೂಡಲಿ. ದಯವಿಟ್ಟು ಇನ್ನು ಮೇಲೆ ಅವರು ಯಾರ ಕಾರಿನಲ್ಲಾದರೂ ಚಪ್ಪಲಿ ಹಾಕಿಕೊಂಡೇ ಕೂರಲಿ.

'ಮೋಸ' ಎನ್ನುವಲ್ಲಿ 'ಮೋಶ' ಎಂದು ಬರೆದಿದ್ದೀರಿ. ಆಯೋಗಕ್ಕೆ ಬರೆಯುವಾಗ ತಿದ್ದಿಕೊಳ್ಳಿ.

ಇಂತು,
ತಿಪ್ಪೇರುದ್ರಸ್ವಾಮಿ


ನ್ಯಾಮತಿ
5 ಮಾರ್ಚ್ 2024

ಮೇಷ್ಟ್ರೇ,

ಮೊದಲು ನಿಮ್ಮ ಕ್ಷಮೆ ಕೇಳುತ್ತೇನೆ. ನಿಮ್ಮ ಮೇಲಿದ್ದ ಸಿಟ್ಟನ್ನೆಲ್ಲ ಒಟ್ಟು ಮಾಡಿಕೊಂಡು ಹೊನ್ನಾಳಿಗೆ ಹೋಗಿ ಯಾರಿಗೆ ಸಲ್ಲಬೇಕೋ ಅವನಿಗೆ ಕೊಟ್ಟು ಬಂದೆ. ಅವನೇನು ಕರಗುವ ಆಳಲ್ಲ.

ನೋಟಿಸು ಅವನ ಮೇಜಿನ ಮೇಲೇ ಇತ್ತು, ಅದರ ಮೇಲೆ ಟೀ ಲೋಟ ಇಟ್ಟಿದ್ದ. ನನಗೂ ಟೀ ತರಿಸಿದ. ಆಮೇಲೆ ಡ್ರಾಯರಿನಿಂದ ಒಂದು ಚೀಟಿ ತೆಗೆದು, "ಇದು ಯಾರ ಸಹಿ ಅಕ್ಕಾ?" ಅಂದ. ನನ್ನದೇ. ಗಾಡಿ ಬಿಟ್ಟುಕೊಡುವ ದಿನ, ಹಾರ ಹಾಕಿ ಆರತಿ ಎತ್ತುವ ಗಡಿಬಿಡಿಯಲ್ಲಿ ಹಾಕಿಸಿಕೊಂಡದ್ದು. 'ಇದ್ದ ಸ್ಥಿತಿಯಲ್ಲೇ ಒಪ್ಪಿ ಪಡೆದಿದ್ದೇನೆ' ಅಂತ ಅಚ್ಚಾಗಿದೆ.

"ಇದ್ದ ಸ್ಥಿತಿ ಏನು ಅಂತ ಹೇಳಿದ್ಯಾ ನೀನು? ಮೇಷ್ಟ್ರ ಗಾಡಿ ಅಂದೆ" ಅಂದೆ.

"ಮೇಷ್ಟ್ರ ಗಾಡಿನೇ ಅಲ್ವೇನ್ರಿ? ಆರ್‌ಸಿ ನೋಡ್ರಿ, ಸುಳ್ಳೆಲ್ಲೈತೆ?"

ನಗುತ್ತಾ ಹೇಳಿದ ಮೇಷ್ಟ್ರೇ. ನನಗೆ ಟೀ ಲೋಟ ಎತ್ತಿ ಅವನ ಮುಖಕ್ಕೆ ಎರಚುವ ಹಾಗಾಯಿತು. ಬಣ್ಣ ಹೊಡೆದು ಮುಚ್ಚಿದೆಯಲ್ಲ ಅಂದದ್ದಕ್ಕೆ ಅವನು ಹೇಳಿದ್ದು ಕೇಳಿ: "ನೀವ್ ಮಾಡಾದೇನಕ್ಕಾ? ಹುಡುಗಿ ಮುಖದಾಗೆ ಕಲೆ ಇದ್ರೆ ಬಣ್ಣ ಬಳಿದು ಹಸೆಗೆ ಕೂರಿಸಲ್ವಾ? ನಾನು ಗಾಡಿಗೆ ಬಳಿದೆ. ಇಬ್ರದೂ ಒಂದೇ ಕಸುಬು."

ಅಂಗಡಿ ತುಂಬ ಜನ ನಕ್ಕರು. ನಾನು ಬಸ್ಸಿನಲ್ಲಿ ಬರುವಾಗ ಅತ್ತೆ. ಅತ್ತದ್ದು ಅವನ ಮಾತಿಗಲ್ಲ, ಅವನಿಗೆ ಕೊಡಬೇಕಾದ ಉತ್ತರ ಆ ಹೊತ್ತಿಗೆ ನನಗೆ ಹೊಳೆಯಲಿಲ್ಲವಲ್ಲ ಅಂತ. ಬಾಗಿಲು ದಾಟುವಾಗ ಇನ್ನೊಂದು ಹೇಳಿದ. ನಾನು ಗಾಡಿಯನ್ನು ಕೆಲಸಕ್ಕೆ ಕೊಂಡಿರುವುದರಿಂದ ಕಾನೂನಿನಲ್ಲಿ ನಾನು ಗ್ರಾಹಕಳೇ ಅಲ್ಲವಂತೆ! ದುಡ್ಡು ಕೊಟ್ಟಿದ್ದು ನಾನು, ಚರಂಡಿಗೆ ಬಿದ್ದಿದ್ದು ನಾನು, ಗ್ರಾಹಕಳು ಮಾತ್ರ ಇನ್ಯಾರೋ.

ಈಗ ನನಗೆ ಬೇಕಾಗಿರುವುದು ಒಂದೇ. ಗಾಡಿ ನುಜ್ಜಾಗಿತ್ತು, ಗುಜರಿಗೆ ಅಂತಲೇ ಕೊಟ್ಟೆ ಎಂದು ನೀವೊಂದು ಅಫಿಡವಿಟ್ ಮಾಡಿಕೊಡಿ. ಅದು ಇದ್ದರೆ ಅವನ ಚೀಟಿ ಯಾತಕ್ಕೂ ಬರುವುದಿಲ್ಲ.

ನಿಮಗೆ ಓಡಿಸಲು ಬರುವುದಿಲ್ಲ ಅಂದಿರಿ. ಹಾಗಾದರೆ ಯಾರು ಓಡಿಸುತ್ತಿದ್ದರು? ಗಂಗೋತ್ರಿ ಅಂದರೆ ಯಾರು, ಅದಕ್ಕೂ ನೀವು ಉತ್ತರ ಬರೆಯಲಿಲ್ಲ. ನನ್ನ ಫೋನ್ ನಂಬರು ಲಕೋಟೆಯ ಹಿಂಬದಿಯಲ್ಲಿದೆ.

ನಿಮ್ಮ ಉತ್ತರಕ್ಕೆ ಕಾಯುವ,
ಶಾಂತಲಾ


ಜಗಳೂರು
13 ಮಾರ್ಚ್ 2024

ಶಾಂತಲಾ ಅವರಿಗೆ,

ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವವರು ತಾವೇ ಬಳಸಲು ಕೊಂಡ ವಸ್ತುವಿನ ವಿಷಯದಲ್ಲಿ ಗ್ರಾಹಕರೇ ಆಗುತ್ತಾರೆ. ಕಾನೂನಿನಲ್ಲೇ ಹಾಗೆ ವಿವರಣೆ ಇದೆ. ಅವನ ಮಾತಿಗೆ ಹೆದರಬೇಡಿ, ದೂರು ಕೊಡಿ.

ಅಫಿಡವಿಟ್ ಸದ್ಯಕ್ಕೆ ಆಗುವುದಿಲ್ಲ. ಕಾರಣ ಕೇಳಬೇಡಿ. ಮಳೆಗಾಲ ಕಳೆಯಲಿ, ಆಗ ನೋಡೋಣ.

ಫೋನ್ ಮಾಡಬೇಡಿ. ಮನೆಗೂ ಪತ್ರ ಬೇಡ, ಇಲ್ಲಿನ ಗ್ರಂಥಾಲಯದ ವಿಳಾಸಕ್ಕೆ ಬರೆಯಿರಿ. ನಾನು ದಿನವೂ ಪೇಪರ್ ಓದಲು ಅಲ್ಲಿಗೆ ಹೋಗುತ್ತೇನೆ.

ತಿಪ್ಪೇರುದ್ರಸ್ವಾಮಿ


ನ್ಯಾಮತಿ
20 ಜೂನ್ 2024

ಮೇಷ್ಟ್ರೇ,

ಗ್ರಂಥಾಲಯಕ್ಕೆ ಬರೆದ ಪತ್ರಗಳಿಗೆಲ್ಲ ನೀವು ಮೌನ. ನೀವು ಪೇಪರ್ ಓದುವುದನ್ನೇ ಬಿಟ್ಟಿರಬೇಕು. ಅದಕ್ಕೇ ಇದನ್ನು ರಿಜಿಸ್ಟರ್ ಮಾಡಿ ಮನೆಗೇ ಕಳಿಸುತ್ತಿದ್ದೇನೆ. ಬೇಡ ಅಂದಿದ್ದಿರಿ, ಗೊತ್ತು.

ಆಯೋಗದಲ್ಲಿ ಕೆಂಚೇಶ್ ಉತ್ತರ ಸಲ್ಲಿಸಿದ್ದಾನೆ. ಏನಂತ ಗೊತ್ತೇ? ಮೇಷ್ಟ್ರು ತನಗೆ ಒಳ್ಳೆಯ ಗಾಡಿ ಕೊಟ್ಟರು, ತಾನು ಒಳ್ಳೆಯ ಗಾಡಿ ಮಾರಿದೆ, ಈ ಹೆಂಗಸೇ ಎಲ್ಲೋ ಗುದ್ದಿ, ಕಳ್ಳತನದಲ್ಲಿ ಬೆಸುಗೆ ಹಾಕಿಸಿ, ದುಡ್ಡು ಕೀಳಲು ಕೇಸು ಹಾಕಿದ್ದಾಳೆ ಅಂತ. ನಾನು! ಅಮ್ಮನ ಕೈ ಮುರಿದವಳೂ ನಾನೇ ಅನ್ನುವ ಹಾಗೆ ಬರೆಸಿದ್ದಾನೆ. ನಿಮ್ಮಲ್ಲಿದ್ದಾಗ ಆದ ಅಪಘಾತಕ್ಕೆ ಪೊಲೀಸ್ ದಾಖಲೆ ಇಲ್ಲ, ವಿಚಾರಿಸಿ ನೋಡಿದ್ದೇನೆ. ಗಾಡಿ ಮೊದಲೇ ಮುರಿದಿತ್ತು ಅಂತ ಹೇಳಬಲ್ಲವರು ಈ ಭೂಮಿಯ ಮೇಲೆ ನೀವೊಬ್ಬರೇ.

ಊರಲ್ಲಿ ನನ್ನ ಹೆಸರು ಏನಾಗಿದೆ ಅಂತ ಹೇಳಲಾ? 'ಕೈಕೊಡೋ ಶಾಂತಲಾ.' ಈ ಬೇಸಿಗೆ ಪೂರ್ತಿ ಯಾರೂ ಕರೆಯಲಿಲ್ಲ. ಸೂರಗೊಂಡನಕೊಪ್ಪದ ಅಂಜಮ್ಮನ ಮಗಳಿಗೆ ನಾಮಕರಣದಿಂದ ಎಲ್ಲ ಅಲಂಕಾರವೂ ನಾನೇ ಮಾಡಿದ್ದೆ. ಅವಳ ಮದುವೆಗೆ ಶಿವಮೊಗ್ಗದವರನ್ನು ಕರೆಸಿದರು. ದುಡ್ಡು ಹೋದರೆ ಮತ್ತೆ ದುಡಿಯುತ್ತೇನೆ. ಸುಳ್ಳಿ ಅಂತ ಆಯೋಗವೇ ಬರೆದುಬಿಟ್ಟರೆ ಆಮೇಲೆ ಯಾವ ಮದುಮಗಳು ನನ್ನ ಕೈಗೆ ಮುಖ ಕೊಡುತ್ತಾಳೆ?

ಗ್ರಾಹಕರ ಹಕ್ಕುಗಳು ಅಂತ ವರ್ಷ ವರ್ಷ ಪಾಠ ಮಾಡಿದೆ ಅಂದಿರಿ. ಎರಡು ಅಂಕಕ್ಕಷ್ಟೇ ಮಾಡಿದಿರಾ? ಕೆಂಚೇಶ್ ಆ ಪಾಠ ಮರೆತ ಅಂತ ನಿಮಗೆ ಬೇಜಾರು. ಅವನು ಮರೆತಿಲ್ಲ. ಹೇಳಿದ ಮೇಷ್ಟ್ರೇ ಮರೆತಿದ್ದಾರೆ.

ಇನ್ನು ಬರೆಯುವುದಿಲ್ಲ.
ಶಾಂತಲಾ


ಜಗಳೂರು
1 ಜುಲೈ 2024

ಶಾಂತಲಕ್ಕಾ,

ನಿಮ್ಮ ರಿಜಿಸ್ಟರ್ಡ್ ಪತ್ರಕ್ಕೆ ಸಹಿ ಹಾಕಿದವಳು ನಾನು. ಅಪ್ಪನ ಪತ್ರ ಒಡೆಯುವುದು ತಪ್ಪು. ಆದರೆ ಲಕೋಟೆಯ ಮೇಲೆ 'ಎರಡು ಅಂಕದ ಮೇಷ್ಟ್ರಿಗೆ' ಎಂದು ಬರೆದಿದ್ದರೆ ಯಾವ ಮಗಳು ಸುಮ್ಮನಿರುತ್ತಾಳೆ? ಓದಿದೆ. ಆಮೇಲೆ ಅಪ್ಪನ ಕಪಾಟಿನಲ್ಲಿದ್ದ ಉಳಿದವನ್ನೂ, ಅಪ್ಪ ಬರೆದಿಟ್ಟುಕೊಂಡಿದ್ದ ತಮ್ಮ ಉತ್ತರಗಳ ನಕಲನ್ನೂ ಓದಿದೆ. ಮೊದಲ ಪತ್ರದ ಕೊನೆ ಓದಿ ನಗುವೂ ಬಂತು. ನಿಮ್ಮಮ್ಮ ದಿನಾ ಕೈಮುಗಿಯುತ್ತಿದ್ದ ಗಂಗೋತ್ರಿ ನಾನೇ.

ಕಾರು ಓಡಿಸುತ್ತಿದ್ದವಳೂ ನಾನೇ. ದಾವಣಗೆರೆಯ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಎರಡು ವರ್ಷದ ಹಿಂದೆ ಸಂಜೆ ವಾಪಸು ಬರುವಾಗ ಮೆಕ್ಕೆಜೋಳ ಹೇರಿದ ಟ್ರೈಲರ್ ರಸ್ತೆಯಲ್ಲೇ ನಿಂತಿತ್ತು, ಹಿಂದೆ ದೀಪವಿಲ್ಲ. ಗುದ್ದಿದೆ. ಟ್ರೈಲರಿನವರು ಪಕ್ಕದ ಹಳ್ಳಿಯವರೇ ಆದ್ದರಿಂದ ಹಿರಿಯರು ರಾಜಿ ಮಾಡಿಸಿದರು, ಪೊಲೀಸ್ ಕೇಸು ಆಗಲಿಲ್ಲ. ನನ್ನ ಎಡಗಾಲಿಗೆ ರಾಡ್ ಹಾಕಿದ್ದಾರೆ, ನಡೆದರೆ ಕುಂಟು ಕಾಣುತ್ತದೆ. ಎಡ ಹಣೆಯಿಂದ ಕಿವಿಯವರೆಗೆ ಗಾಯದ ಗೆರೆ ಇದೆ. ಬದುಕಿದ್ದೇನೆ, ಕೆಲಸಕ್ಕೆ ಹೋಗುತ್ತಿದ್ದೇನೆ, ಅದು ನನಗೆ ಸಾಕಾಗಿತ್ತು.

ಅಪ್ಪನಿಗೆ ಸಾಕಾಗಲಿಲ್ಲ. ಫೆಬ್ರವರಿಯ ಕೊನೆಯಲ್ಲಿ ಚನ್ನಗಿರಿಯಿಂದ ಪ್ರವೀಣ್ ಕುಮಾರ್ ಎಂಬ ಹುಡುಗನ ಕಡೆಯವರು ನನ್ನನ್ನು ನೋಡಲು ಬಂದರು. ಅಪ್ಪ ಮೊದಲೇ ಹೇಳಿಕೊಟ್ಟಿದ್ದರು. "ಅವ್ರು ಬರೋದ್ರೊಳಗೆ ಕುರ್ಚಿಯಾಗೆ ಕೂತಿರವ್ವ. ಅವ್ರು ಹೋಗೋತಂಕ ಏಳಬ್ಯಾಡ. ಕೂದ್ಲು ಎಡಕ್ಕೆ ಇಳಿಸಿ ಬಾಚ್ಕೋ." ನಾನೂ ಹಾಗೇ ಕೂತೆ. ಅಪ್ಪನ ಮುಖ ನೋಡಲಾಗದೆ ಕೂತೆ. ಅವರು ಒಪ್ಪಿದರು. ಅಕ್ಟೋಬರಿಗೆ ಮದುವೆ. ಅದಕ್ಕೇ ಮಳೆಗಾಲ ಕಳೆಯಲಿ ಅಂದದ್ದು. ಅಪ್ಪ ಅಫಿಡವಿಟ್ ಕೊಟ್ಟರೆ ಗಾಡಿಯಲ್ಲಿ ಯಾರಿದ್ದರು ಎಂದು ಕೇಳುತ್ತಾರೆ, ದಾವಣಗೆರೆಯಲ್ಲಿ ಆಡಿದ ಮಾತು ಚನ್ನಗಿರಿಗೆ ಎಷ್ಟು ಹೊತ್ತು?

ನಿಮ್ಮ ಪತ್ರ ಓದುವವರೆಗೆ ನನಗೆ ಇದು ಹೀಗೆ ಕಂಡಿರಲಿಲ್ಲ. ಬೆಸುಗೆ ಕಾಣದ ಹಾಗೆ ಕೆಂಚೇಶ್ ಮ್ಯಾಟು ಹಾಸಿದ. ಕುಂಟು ಕಾಣದ ಹಾಗೆ ಅಪ್ಪ ಕುರ್ಚಿ ಹಾಕಿದರು. ನಾನೇನು ಗಾಡಿಯಾ ಅಕ್ಕಾ? ನನ್ನನ್ನೂ ಬಣ್ಣ ಹೊಡೆದು ಸಾಗಿಸಬೇಕಾ? ಗಾಡಿ ಮುರಿದದ್ದು ಗಾಡಿಯ ದೋಷ. ನನ್ನ ಕಾಲು ಮುರಿದದ್ದು ನನ್ನ ದೋಷ ಹೇಗಾಯಿತು? ಅಪ್ಪನ ಮೇಲೆ ನನಗೆ ಪ್ರಾಣ, ಆದರೆ ಈ ವಾರ ಅವರ ಜೊತೆ ಮಾತಾಡಿಲ್ಲ.

ಪ್ರವೀಣ್ ಕುಮಾರ್‌ಗೆ ನಾನೇ ಫೋನ್ ಮಾಡಿ ಎಲ್ಲ ಹೇಳುತ್ತೇನೆ. ಆಮೇಲೆ ಅಪ್ಪನ ಅಫಿಡವಿಟ್ ಬರುತ್ತದೆ, ನನ್ನದೂ ಬರುತ್ತದೆ.

ಗಾಜಿನ ಮೇಲಿನ ಹೆಸರಿನವಳು,
ಗಂಗೋತ್ರಿ


ನ್ಯಾಮತಿ
8 ಜುಲೈ 2024

ತಂಗಿ ಗಂಗೋತ್ರಿ,

ನಿನ್ನ ಪತ್ರವನ್ನು ಅಮ್ಮನಿಗೂ ಓದಿ ಹೇಳಿದೆ. ಅಮ್ಮ ಅತ್ತರು, ಆಮೇಲೆ ನನ್ನನ್ನೇ ಬೈದರು. "ಒಂದು ಗಾಡಿ ಸಲುವಾಗಿ ಒಂದು ಹುಡುಗಿ ಮದುವಿ ಕೆಡಿಸ್ತೀಯೇನೇ?"

ಫೋನ್ ಮಾಡುವ ಮೊದಲು ಇದು ತಲುಪಲಿ ಅಂತ ಇವತ್ತೇ ಅಂಚೆಗೆ ಹಾಕುತ್ತಿದ್ದೇನೆ. ನನ್ನ ಕೇಸು ಬಿದ್ದರೆ ಬೀಳಲಿ. ನಾನು ಬಸ್ಸಿನಲ್ಲಿ ಓಡಾಡಿಯೇ ಕೆಲಸ ಕಲಿತವಳು. ನಿಮ್ಮ ಮನೆಯ ವಿಷಯ ಗೊತ್ತಿದ್ದರೆ ಲಕೋಟೆಯ ಮೇಲೆ ಹಾಗೆ ಬರೆಯುತ್ತಿರಲಿಲ್ಲ.

ಒಂದು ಮಾತು ಮಾತ್ರ ಹೇಳಿಬಿಡುತ್ತೇನೆ, ಆವತ್ತು ಕೆಂಚೇಶನಿಗೆ ಹೇಳಲಾಗದೆ ಉಳಿದದ್ದು. ನಾನೂ ಕಲೆ ಮುಚ್ಚುತ್ತೇನೆ, ನಿಜ. ಆದರೆ ಹುಡುಗಿಯನ್ನು ಕನ್ನಡಿ ಮುಂದೆ ಕೂರಿಸಿ, "ಇದನ್ನ ಮುಚ್ಚಲೇನವ್ವ, ಹಂಗೇ ಬಿಡಲೇನು?" ಅಂತ ಕೇಳಿ ಮುಚ್ಚುತ್ತೇನೆ. ಅದು ಅವಳ ಮುಖ, ಅವಳ ಇಷ್ಟ. ಅವಳಿಗೂ ಗೊತ್ತು, ಮನೆಯವರಿಗೂ ಗೊತ್ತು. ಅವನದ್ದೂ ನನ್ನದೂ ಒಂದೇ ಕಸುಬಲ್ಲ. ನಿನ್ನನ್ನು ಕುರ್ಚಿಯಲ್ಲಿ ಕೂರಿಸುವ ಮೊದಲು ಯಾರಾದರೂ ಕೇಳಿದರಾ?

ಕೇಳಿಲ್ಲ ಅಂದರೆ, ತೀರ್ಮಾನ ನಿನ್ನದು. ನಾನು ಬೇಡ ಅನ್ನುವುದಿಲ್ಲ, ಬೇಕು ಅಂತಲೂ ಅನ್ನುವುದಿಲ್ಲ.

ನಿನ್ನ,
ಶಾಂತಲಕ್ಕ


ಜಗಳೂರು
24 ಜುಲೈ 2024

ಶಾಂತಲಕ್ಕಾ,

ಹೇಳಿದೆ. ಪ್ರವೀಣ್ ಕುಮಾರ್ ಮನೆಯಲ್ಲಿ ಹೇಳುತ್ತೇನೆ ಅಂದು ಫೋನ್ ಇಟ್ಟರು. ಮಾರನೇ ದಿನ ಅವರ ತಾಯಿ ಶಂಕರಮ್ಮ ಒಬ್ಬರೇ ಬಸ್ಸು ಹತ್ತಿ ಬಂದರು. ಒಳಗೆ ಬರಲಿಲ್ಲ, ಜಗುಲಿಯಲ್ಲೇ ಕೂತರು, ನೀರು ಕೊಟ್ಟರೂ ಮುಟ್ಟಲಿಲ್ಲ.

"ಕಾಲಿಂದು ನಮಗೇನು ತ್ರಾಸಿಲ್ಲ ಮೇಷ್ಟ್ರೇ. ನನ್ ತಂಗಿಗೂ ಒಂದ್ ಕಣ್ಣು ಕಾಣಲ್ಲ, ಸಂಸಾರ ಮಾಡ್ತಿಲ್ವಾ? ಮೇಷ್ಟ್ರ ಮಗಳು ಅಂದ್ರು, ಅಷ್ಟಕ್ಕೇ ಹಿಂದೆ ಮುಂದೆ ಒಂದ್ ಮಾತು ಕೇಳದೆ ಒಪ್ಕಂಡ್ವಿ. ಅದಕ್ಕೆ ಹೊಟ್ಟೆ ಉರೀತೈತೆ."

ಅಷ್ಟು ಹೇಳಿ ಎದ್ದು ಹೋದರು. ಮದುವೆ ನಿಂತಿದೆ.

ಅಪ್ಪ ಕತ್ತಲಾಗುವ ತನಕ ಜಗುಲಿಯಲ್ಲೇ ಕೂತಿದ್ದರು. 'ಮೇಷ್ಟ್ರ ಗಾಡಿ' ಅಂದದ್ದಕ್ಕೆ ಮೈ ಉರಿಯಿತು ಎಂದು ನಿಮಗೆ ಬರೆದವರು ತಾವೇ ಎಂದು ನೆನಪಾಗಿರಬೇಕು. ನಾನು ನೆನಪಿಸಲಿಲ್ಲ. ಬೆಳಿಗ್ಗೆ ಎದ್ದು ನೋಟರಿ ಹತ್ತಿರ ಹೊರಟರು, ನಾನೂ ಜೊತೆಗೆ ಹೋದೆ. ಎರಡೂ ಅಫಿಡವಿಟ್ ಇದರ ಜೊತೆಗಿವೆ. ಅಪ್ಪ ತಮ್ಮದನ್ನು ಆ ವಕೀಲರ ಭಾಷೆಯಲ್ಲಿ ಬೇಡ ಅಂತ ತಾವೇ ಬರೆದರು.

ಅಪ್ಪನಿಗೆ ಬಿಪಿ ಏರಿದೆ, ದಾವಣಗೆರೆಗೆ ಬರಲಾರರು. ನಾನು ಬರುತ್ತೇನೆ.

ಗಂಗೋತ್ರಿ


ನ್ಯಾಮತಿ
16 ಅಕ್ಟೋಬರ್ 2024

ಮೇಷ್ಟ್ರೇ,

ಗಂಗೋತ್ರಿ ಮನೆಗೆ ಬಂದು "ಆಯ್ತಪ್ಪ, ಮುಗೀತು" ಅಂತ ಎರಡು ಮಾತಲ್ಲಿ ಮುಗಿಸಿರುತ್ತಾಳೆ, ಗೊತ್ತು. ಅಲ್ಲಿ ನಡೆದದ್ದು ನಿಮಗೆ ಪೂರ್ತಿ ತಿಳಿಯಬೇಕು.

ಕೆಂಚೇಶ್ ಇಸ್ತ್ರಿ ಶರ್ಟು ಹಾಕಿಕೊಂಡು ವಕೀಲರ ಹಿಂದೆ ಕೂತಿದ್ದ. ಅವನ ವಕೀಲರು ಮೊದಲು ನಾನು ಗ್ರಾಹಕಳಲ್ಲ ಅಂದರು. ನೀವು ಬರೆದುಕೊಟ್ಟ ಮಾತನ್ನೇ ಹೇಳಿದೆ: ಗಾಡಿ ಓಡಿಸುವವಳೂ ನಾನೇ, ಬಣ್ಣ ಹಚ್ಚುವವಳೂ ನಾನೇ, ಇದರಿಂದಲೇ ನಮ್ಮ ಮನೆಯಲ್ಲಿ ಒಲೆ ಉರಿಯುವುದು ಅಂತ. ಅಧ್ಯಕ್ಷರು ತಲೆಯಾಡಿಸಿ ಬರೆದುಕೊಂಡರು. ಆಮೇಲೆ ಅದೇ 'ಇದ್ದ ಸ್ಥಿತಿಯಲ್ಲೇ' ಚೀಟಿ ಬಂತು. ಆಮೇಲೆ ನಿಮ್ಮ ಅಫಿಡವಿಟ್ ಎತ್ತಿಕೊಂಡು ವಕೀಲರು ನಕ್ಕರು. ವಯಸ್ಸಾದವರು, ಯಾರೋ ಬರೆಸಿದ ಹಾಗಿದೆ, ಪೊಲೀಸ್ ದಾಖಲೆ ಇಲ್ಲ, ವಿಮೆಯ ಕಾಗದ ಇಲ್ಲ, ಆ ಕಾರು ಅಪಘಾತ ಆಗಿತ್ತು ಅನ್ನುವುದಕ್ಕೆ ಗುರುತಾದರೂ ಏನಿದೆ ಅಂದರು.

ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಬೆಂಚಿನಿಂದ ನಿಮ್ಮ ಮಗಳು ಎದ್ದಳು. ಒಂದು ಮಾತು ಹೇಳಲು ಅಪ್ಪಣೆ ಕೇಳಿ ಮುಂದಕ್ಕೆ ನಡೆದು ಬಂದಳು. ಆ ಕೋಣೆ ಉದ್ದಕ್ಕಿದೆ ಮೇಷ್ಟ್ರೇ. ಎಲ್ಲರೂ ಅವಳು ನಡೆಯುವುದನ್ನು ನೋಡುತ್ತಿದ್ದರು, ಅವಳು ಬೇಗ ನಡೆಯಲೂ ಹೋಗಲಿಲ್ಲ. ಆಸ್ಪತ್ರೆಯ ಕಾಗದಗಳನ್ನು ಮೇಜಿನ ಮೇಲಿಟ್ಟು, ಎಡಗಡೆಯ ಕೂದಲು ಹಿಂದಕ್ಕೆ ಸರಿಸಿ ಕಿವಿಗೆ ಸಿಕ್ಕಿಸಿದಳು.

"ಗುರುತು ಇದು ಸಾರ್. ಆ ಗಾಡಿ ಹಿಂದಿನ ಗಾಜಿನ ಮೇಲಿರೋ ಹೆಸರು ನಂದು. ಕೆಂಚೇಶಣ್ಣ ಗಾಡಿಗೆಲ್ಲ ಬಣ್ಣ ಹೊಡದು ಅದೊಂದು ಅಳಿಸಾಕೆ ಮರ್ತವ್ರೆ."

ಕೆಂಚೇಶ್ ತಲೆ ಎತ್ತಲಿಲ್ಲ. ಅವಳನ್ನು ಅವನು ಚಿಕ್ಕವಳಿದ್ದಾಗ ನೋಡಿದ್ದನಂತೆ. ಅವನ ವಕೀಲರು ಇನ್ನೂ ಏನೋ ಹೇಳಿದರು, ಯಾರೂ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಆದೇಶ ಬರೆದು ಕೊಡಲು ತಿಂಗಳುಗಳಾಗಬಹುದಂತೆ.

ಹೊರಗೆ ಬಂದು ನಾವಿಬ್ಬರೂ ಮೆಣಸಿನಕಾಯಿ ಮಂಡಕ್ಕಿ ತಿಂದೆವು. ಅವಳು ಅಳಲಿಲ್ಲ. "ನಮ್ಮಪ್ಪ ಇದ್ದಿದ್ರೆ ಚೆನ್ನಾಗಿತ್ತು ಅಕ್ಕಾ" ಅಂದಳು ಅಷ್ಟೇ. ನಾನು ನಿಮಗೆ ತುಂಬ ಕಟುವಾಗಿ ಬರೆದಿದ್ದೇನೆ. ಬರೆದದ್ದು ಸುಳ್ಳಲ್ಲ, ಆದರೂ ನೋವಾಗಿದ್ದರೆ ಕ್ಷಮಿಸಿ. ಇಂಥ ಮಗಳನ್ನು ಬೆಳೆಸಿದವರಿಗೆ ಎರಡು ಅಂಕ ಕಡಿಮೆಯಾಯಿತು.

ಶಾಂತಲಾ


ಜಗಳೂರು
10 ಫೆಬ್ರವರಿ 2025

ತಾಯಿ ಶಾಂತಲಾ,

ಆದೇಶದ ಪ್ರತಿ ತಲುಪಿತು. ಕೆಂಚೇಶ ನಿಮ್ಮ ಹಣವನ್ನು ಬಡ್ಡಿ, ಪರಿಹಾರ ಸೇರಿಸಿ ಹಿಂತಿರುಗಿಸಬೇಕು, ದೋಷ ಮುಚ್ಚಿಟ್ಟು ಮಾರಿದ್ದು ಅನುಚಿತ ವ್ಯಾಪಾರ ಪದ್ಧತಿ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. 'ಇದ್ದ ಸ್ಥಿತಿಯಲ್ಲೇ' ಎಂದು ಅಚ್ಚು ಹಾಕಿಸಿದ ಮಾತ್ರಕ್ಕೆ ಸುಳ್ಳು ಹೇಳಲು ಪರವಾನಗಿ ಸಿಗುವುದಿಲ್ಲ ಎಂಬ ಸಾಲನ್ನು ನಾನು ಪೆನ್ಸಿಲಿನಲ್ಲಿ ಗುರುತು ಮಾಡಿಟ್ಟುಕೊಂಡೆ. ಅವನು ಬೆಂಗಳೂರಿಗೆ ಮೇಲ್ಮನವಿ ಹೋಗುತ್ತಾನೆಂದು ಬರೆದಿದ್ದೀರಿ. ಹೋಗಲಿ. ಈ ಸಲ ಬಿಪಿ ಎಷ್ಟೇ ಏರಲಿ, ನಾನೇ ಬಂದು ನಿಲ್ಲುತ್ತೇನೆ.

ದೂರಿನ ಪ್ರತಿಯನ್ನೂ ಓದಿದೆ. 'ಮೋಸ' ಎಲ್ಲ ಕಡೆಯೂ ಸರಿಯಾಗಿದೆ.

ಮೊನ್ನೆ ಶಂಕರಮ್ಮನವರು ಮತ್ತೆ ಬಂದಿದ್ದರು. ಕರೆಸಿದ್ದು ನಾನಲ್ಲ. ಪ್ರವೀಣ್ ಕುಮಾರ್ ಮನೆಯಲ್ಲಿ ಹಟ ಹಿಡಿದು ಕೂತಿದ್ದನಂತೆ. ಈ ಸಲ ತಾಯಿ ಮಗ ಇಬ್ಬರೂ. ನಾನು ಅಭ್ಯಾಸಬಲದಿಂದ ಒಳಗಿನಿಂದ ಕುರ್ಚಿ ತಂದು ಹಾಕಿದೆ. ಗಂಗೋತ್ರಿ ಅದನ್ನು ನನ್ನ ಕಡೆಗೇ ತಳ್ಳಿ, "ನೀವ್ ಕೂತ್ಕೊಳ್ರಿ ಅಪ್ಪಾಜಿ" ಅಂದು, ಗೇಟಿನ ತನಕ ನಡೆದು ಹೋಗಿ ಅವರನ್ನು ಕರೆದುಕೊಂಡು ಬಂದಳು. ನಾನು ಕೂತುಕೊಂಡೇ ನೋಡಿದೆ. ಅವಳು ಅಷ್ಟು ದೂರ ನಡೆದದ್ದನ್ನು ಅಪಘಾತದ ಮೇಲೆ ನಾನು ಕಣ್ಣು ಬಿಟ್ಟು ನೋಡಿದ್ದು ಅದೇ ಮೊದಲು. ನನಗೆ ನಾಚಿಕೆಯಾಯಿತು. ಶಂಕರಮ್ಮ ಈ ಸಲ ನೀರು ಕೇಳಿ ಕುಡಿದರು.

ಏಪ್ರಿಲಿನಲ್ಲಿ ಮದುವೆ. ಅಲಂಕಾರಕ್ಕೆ ನೀವೇ ಬರಬೇಕಂತೆ. ಬಸ್ಸು ಬೇಡ, ಹಿಂದಿನ ದಿನವೇ ನಾವು ಗಾಡಿ ಕಳಿಸುತ್ತೇವೆ. ದಾಸಪ್ಪನವರು ಅಡಿಯಲ್ಲೆಲ್ಲ ನೋಡಿ ಸರಿ ಅಂದ ಮೇಲೆ ಹತ್ತಿ. ಕಸ್ತೂರಮ್ಮನವರೂ ಬರಲಿ, ಚಪ್ಪಲಿ ಹಾಕಿಕೊಂಡು.

ಜಡೆ, ಹೂವು, ಬಣ್ಣ ಎಲ್ಲ ನಿಮ್ಮಿಷ್ಟ. ಎಡಗಡೆಯ ಹಣೆ ಮಾತ್ರ ಇದ್ದ ಸ್ಥಿತಿಯಲ್ಲೇ ಇರಬೇಕೆಂದು ಮಗಳ ಅಪ್ಪಣೆ.

ಗಂಗೋತ್ರಿಯ ಅಪ್ಪ,
ತಿಪ್ಪೇರುದ್ರಸ್ವಾಮಿ